ಆಕ್ಸಿಜನ್ ಎಲ್ಲಿ ಹೋಯ್ತು? ಎರಡು ಸಿರಿಂಜಿನಲ್ಲಿ ನೀರು ಒಡೆದ ದಸರಾ ರಜೆ

ಅಕ್ಕನ ಮಗಳು ದಸರಾ ರಜೆಗೆ ಅರಸೀಕೆರೆಯಿಂದ ಮೈಸೂರಿಗೆ ಬಂದಳು. ಬ್ಯಾಗಿನಲ್ಲಿ ಬಟ್ಟೆಯ ಮಧ್ಯೆ ಸುತ್ತಿಟ್ಟಿದ್ದ ಒಂದು ಗಾಜಿನ ಬಾಟಲಿ ಇತ್ತು. ಒಳಗೆ ಮುಕ್ಕಾಲು ಭಾಗ ನೀರು, ತಳದಲ್ಲಿ ಹಳದಿಗೂ ಹಸಿರಿಗೂ ನಡುವಿನ ಬಣ್ಣದ ಕೆಸರು. ಕೈಕಾಲು ತೊಳೆಯುವ ಮೊದಲೇ ಅದನ್ನು ನನ್ನ ಮೇಜಿನ ಮೇಲಿಟ್ಟಳು.

"ಮಾವ, ನೀರು ಒಡೆದೆ. ಹೈಡ್ರೋಜನ್ ಬಂತು. ಆಕ್ಸಿಜನ್ ಬರಲೇ ಇಲ್ಲ. ಎಲ್ಲಿ ಹೋಯ್ತು?"

ಅವಳು ಹತ್ತನೇ ಕ್ಲಾಸು. ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಈ ಪ್ರಯೋಗ ಇದೆ. ಒಂದು ಪ್ಲಾಸ್ಟಿಕ್ ಮಗ್, ತಳದಲ್ಲಿ ಎರಡು ತೂತು, ಎರಡು ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ, ಮೇಲೆ ಬೋರಲು ಹಾಕಿದ ಎರಡು ಪ್ರನಾಳ. ಒಂದರಲ್ಲಿ ಇನ್ನೊಂದರ ಎರಡರಷ್ಟು ಅನಿಲ ತುಂಬಬೇಕು. ಅವಳ ಹತ್ತಿರ ಕಾರ್ಬನ್ ಕಡ್ಡಿ ಇರಲಿಲ್ಲ. ವೈರಿನ ತಾಮ್ರದ ಎಳೆಗಳನ್ನೇ ಇಳಿಬಿಟ್ಟು, ಬೋರ್‌ವೆಲ್ ನೀರಿಗೆ ಅಡುಗೆ ಉಪ್ಪು ಹಾಕಿ ಮೊಬೈಲ್ ಚಾರ್ಜರ್ ಕೊಟ್ಟಿದ್ದಳು.

ನಾನು ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಕೆಸರು ನೋಡಿದ ಕೂಡಲೇ ಗೊತ್ತಾಯಿತು. ಪ್ಲಸ್ ತಂತಿಯಲ್ಲಿ ತಾಮ್ರವೇ ಕರಗಿ ನೀರಿಗೆ ಇಳಿದಿದೆ. ತಾನು ಕರಗುವುದು ತಾಮ್ರಕ್ಕೆ ಸುಲಭ, ಆಕ್ಸಿಜನ್ ಬಿಡಿಸುವುದು ಕಷ್ಟ. ಹಾಗಾಗಿ ಕರೆಂಟು ಸುಲಭದ ದಾರಿ ಹಿಡಿಯಿತು. ಮೈನಸ್ ತಂತಿಯ ಮೇಲೆ ಬಿಳಿ ಪೊರೆಯೂ ಕಟ್ಟಿತ್ತು. ಅದು ಬೋರ್‌ವೆಲ್ ನೀರಿನ ಗಡಸು, ಮನೆಯ ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅದರದ್ದೇ ಬಳಗ.

ಅವಳಿಗೆ ಆದದ್ದು ಹೊಸದಲ್ಲ. 1800ರಲ್ಲಿ ವೋಲ್ಟಾನ ಬ್ಯಾಟರಿಯ ಸುದ್ದಿ ಲಂಡನ್ನಿಗೆ ಮುಟ್ಟಿದ ಕೆಲವೇ ವಾರಗಳಲ್ಲಿ ಅಲ್ಲಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ನೀರಿಗೆ ಹಿತ್ತಾಳೆ ತಂತಿ ಇಳಿಸಿದ್ದರು. ಅವರಿಗೂ ಒಂದು ತಂತಿಯಲ್ಲಿ ಹೈಡ್ರೋಜನ್ ಬಂತು, ಇನ್ನೊಂದು ತಂತಿ ಕಪ್ಪಾಗಿ ಸವೆಯಿತು. ಪ್ಲಾಟಿನಂ ತಂತಿ ಹಾಕಿದ ಮೇಲೆ ಎರಡೂ ಕಡೆ ಗುಳ್ಳೆ ಬಂದವು. ಇದನ್ನು ಹೇಳಿದಾಗ ಅವಳ ಮುಖ ಅರಳಿತು. ತಪ್ಪು ಮಾಡಿದೆ ಅಂದುಕೊಂಡು ಬಂದಿದ್ದಳು ಪಾಪ.

ಉಪ್ಪಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳಿದೆ. ತಾಮ್ರದ ಬದಲು ಕಾರ್ಬನ್ ಹಾಕಿ, ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಪ್ಲಸ್ ಕಡೆ ಬರುವುದು ಹೆಚ್ಚಾಗಿ ಕ್ಲೋರಿನ್. ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಅದೇ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಬಾರದು. ಯಾರೂ ಉಪ್ಪು ಹಾಕಬೇಡಿ.

ಅವತ್ತೇ ಪುಸ್ತಕದಲ್ಲಿ ಇರುವ ಹಾಗೇ ಕಟ್ಟಲು ಕೂತೆವು. ಹಳೇ ದೊಡ್ಡ ಟಾರ್ಚ್ ಸೆಲ್ ಎರಡನ್ನು ಬಿಚ್ಚಿ ನಡುವಿನ ಕಪ್ಪು ಕಡ್ಡಿ ತೆಗೆದೆ, ಚೆನ್ನಾಗಿ ತೊಳೆದು ಮರಳು ಕಾಗದದಲ್ಲಿ ಉಜ್ಜಿದೆ. ಮಗ್ಗಿನ ತಳಕ್ಕೆ ತೂತು, ರಬ್ಬರ್ ಬೂಚು. ಎರಡೂ ಕಡೆ ಸೋರಿತು. ಎಂ-ಸೀಲ್ ಮೆತ್ತಿ ರಾತ್ರಿ ಬಿಟ್ಟ ಮೇಲೆ ನಿಂತಿತು. ಪ್ರನಾಳದ ಬದಲು ಮೆಡಿಕಲ್ ಶಾಪಿನಿಂದ 20 ಎಂಎಲ್ ಸಿರಿಂಜ್ ತಂದೆ. ಅದರ ಮೈಮೇಲೆ ಗೆರೆ ಇರುತ್ತಲ್ಲ, ಅಳತೆ ಸುಲಭ. ಒಳಗಿನ ದಂಡ ಎಳೆದು ಬಿಸಾಡಿ, ಅಗಲ ಬಾಯಿ ಕೆಳಗೆ, ಸೂಜಿ ಸಿಕ್ಕಿಸುವ ಮೂತಿ ಮೇಲೆ.

ಮೊದಲು ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ತೋರಿಸಿದೆ. ಬ್ಯಾಟರಿಗೆ ಹಾಕಲು ನನ್ನಲ್ಲಿ ಯಾವಾಗಲೂ ಒಂದು ಕ್ಯಾನ್ ಇರುತ್ತೆ. 5 ವೋಲ್ಟ್ ಕೊಟ್ಟರೂ ಮೀಟರಿನಲ್ಲಿ ಒಂದು ಮಿಲಿಆಂಪ್ ಸಹ ಇಲ್ಲ. ಶುದ್ಧ ನೀರಿನಲ್ಲಿ ಕರೆಂಟ್ ಹೊತ್ತು ಓಡಾಡುವ ಕಣಗಳು, ಅಂದರೆ ಅಯಾನುಗಳು, ಇಲ್ಲವೆನ್ನುವಷ್ಟು ಕಮ್ಮಿ. ಆಮೇಲೆ ಬ್ಯಾಟರಿ ಆಸಿಡ್ ಕೆಲವು ಹನಿ ಬಿಟ್ಟೆ. ಮೀಟರ್ ಮೇಲೇರಿತು, ಎರಡೂ ಕಡ್ಡಿಯಿಂದ ಗುಳ್ಳೆ ಎದ್ದವು. ಹುಡುಗಿ ಚಪ್ಪಾಳೆ ತಟ್ಟಿದಳು.

ಹೈಡ್ರೋಜನ್ 12 ಎಂಎಲ್ ಆದಾಗ ನಿಲ್ಲಿಸಿದೆವು. ಆಕ್ಸಿಜನ್ ಕಡೆ 6 ಇರಬೇಕಿತ್ತು. ಬರೀ 4.

"ಮಾವ, ಮತ್ತೆ ಅದೇ. ಇನ್ನೆರಡು ಎಲ್ಲಿ?"

ಈ ಪ್ರಶ್ನೆಯನ್ನು ಅವಳು ಬಿಡಲೇ ಇಲ್ಲ ಅನ್ನುವುದು ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ವಿಷಯ. ಎರಡಕ್ಕೆ ಒಂದು ಅಂತ ಪುಸ್ತಕದಲ್ಲಿದೆ, "ಹೆಚ್ಚುಕಮ್ಮಿ ಬಂತು" ಅಂತ ಬರೆದು ಮುಗಿಸಬಹುದಿತ್ತು. ಮೂರಕ್ಕೆ ಒಂದು ಬಂದದ್ದನ್ನು ಅವಳು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದಳು.

ಮಗ್ಗಿನ ತಳ ನೋಡಿದೆವು. ಪ್ಲಸ್ ಕಡ್ಡಿಯ ಸುತ್ತ ಕಾಡಿಗೆಯಂಥ ಕಪ್ಪು ಪುಡಿ ಉದುರಿತ್ತು. ಬೆರಳಲ್ಲಿ ಮುಟ್ಟಿದರೆ ಕಡ್ಡಿಯೂ ಮೊದಲಿನಷ್ಟು ನುಣುಪಾಗಿ ಇರಲಿಲ್ಲ. ಆಕ್ಸಿಜನ್ ಹುಟ್ಟಿದ ಜಾಗದಲ್ಲೇ ಕಾರ್ಬನ್ ಕೂತಿದೆ, ಅದನ್ನು ತಿನ್ನದೆ ಬಿಡುತ್ತಾ? ಕಾರ್ಬನ್ ಡೈಆಕ್ಸೈಡ್ ಆಗಿರಬೇಕು ಅಂತ ನನ್ನ ಅನುಮಾನ. ಅನುಮಾನ ಸಾಲದು, ತೋರಿಸಿ ಅಂದಳು.

ಅಮ್ಮನ ಎಲೆ ಅಡಿಕೆ ತಟ್ಟೆಯಿಂದ ಸುಣ್ಣ ತಂದು ನೀರಿನಲ್ಲಿ ಕದಡಿ, ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಒಂದು ಸಣ್ಣ ಗಾಜಿನ ಶೀಶೆಗೆ ಬಗ್ಗಿಸಿಕೊಂಡೆವು. ಪ್ಲಸ್ ಕಡೆಯ ಅನಿಲವನ್ನು ಇನ್ನೊಂದು ಸಿರಿಂಜಿಗೆ ಎಳೆದು ಆ ತಿಳಿಗೆ ನಿಧಾನವಾಗಿ ಗುಳ್ಳೆ ಬಿಟ್ಟೆವು. ಮಂಜು ಮುಸುಕಿದ ಹಾಗೆ ಸಣ್ಣಗೆ ಬೆಳ್ಳಗಾಯಿತು. ಇನ್ನೊಂದು ಶೀಶೆಗೆ ಅಷ್ಟೇ ಗಾಳಿ ಬಿಟ್ಟೆವು. ಅದು ತಿಳಿಯಾಗೇ ಇತ್ತು. ಎರಡನ್ನೂ ಕಪ್ಪು ಬಟ್ಟೆಯ ಮುಂದೆ ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಪಾಲು ಆಕ್ಸಿಜನ್ನಿನಿಂದ ಒಂದು ಪಾಲೇ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ, ಹಾಗಾಗಿ ಬರೀ ಅದರಿಂದ ಅಳತೆ ಕಮ್ಮಿ ಆಗಬಾರದು. ಆದರೆ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತೆ, ಸೋಡಾ ಬಾಟಲಿ ನೋಡಿದವರಿಗೆ ಗೊತ್ತು. ಸ್ವಲ್ಪ ಆಕ್ಸಿಜನ್ ಕಡ್ಡಿಯ ಮೈಗೇ ಅಂಟಿಕೊಳ್ಳುತ್ತೆ. ಇನ್ನು ಆಕ್ಸಿಜನ್ ತಾನೂ ಹೈಡ್ರೋಜನ್‌ಗಿಂತ ಜಾಸ್ತಿ ನೀರಿಗೆ ಕರಗುತ್ತೆ. ಮೂರೂ ಸೇರಿ ನಮ್ಮ ಎರಡು ಎಂಎಲ್ ನುಂಗಿದ್ದವು.

ಹಾಗಾದರೆ ಕರಗದ, ಸವೆಯದ ಲೋಹ ಬೇಕು. ಪ್ಲಾಟಿನಂ ನಮ್ಮ ಕೈಗೆಟುಕದು. ಸ್ಟೀಲ್ ಚಮಚ ಹಾಕಬಹುದು ಅಂತ ತುಂಬಾ ಜನ ಹೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ, ಪ್ಲಸ್ ಕಡೆ ಹಾಕಿದರೆ ಅದು ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯಬಹುದು. ಮಕ್ಕಳು ಕೈಹಾಕುವ ಸಾಮಾನಿಗೆ ನಾನು ಅದನ್ನು ಒಪ್ಪಲಾರೆ. ಕಾರ್ಖಾನೆಗಳಲ್ಲಿ ಕ್ಷಾರದ ನೀರು ಒಡೆಯಲು ನಿಕಲ್ ಬಳಸುತ್ತಾರೆ. ನಿಕಲ್ ನನಗೆ ಗುರುತಿನ ಲೋಹ. ಲಿಥಿಯಂ ಬ್ಯಾಟರಿ ಪ್ಯಾಕ್ ಕಟ್ಟುವಾಗ ಸೆಲ್‌ಗಳನ್ನು ಜೋಡಿಸುವ ತೆಳು ಪಟ್ಟಿ ಇದೆಯಲ್ಲ, ಅದೇ.

ಆದರೆ ನಿಕಲ್ ಪಟ್ಟಿ ಅಂತ ಕೊಡುವುದರಲ್ಲಿ ಎಷ್ಟೋ ಬರೀ ನಿಕಲ್ ಲೇಪಿಸಿದ ಕಬ್ಬಿಣ. ಕಣ್ಣಿಗೆ ಎರಡೂ ಒಂದೇ. ಎರಡು ಅಂಗಡಿಯಿಂದ ಒಂದೊಂದು ತುಂಡು ತಂದೆ. ಅರದಿಂದ ಆಳವಾಗಿ ಗೀರು ಹಾಕಿ, ಉಪ್ಪು ನೀರಿನ ಬಟ್ಟಲಿನಲ್ಲಿ ಬಿಟ್ಟೆ. ಮರುದಿನ ಆಯುಧ ಪೂಜೆ. ಸಾಲ್ಡರಿಂಗ್ ಐರನ್, ಮೀಟರ್, ಸ್ಕ್ರೂಡ್ರೈವರ್, ಡ್ರಿಲ್ ಎಲ್ಲ ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಕೂರಿಸಿದೆವು. ಅವತ್ತು ಯಾವುದನ್ನೂ ಮುಟ್ಟುವ ಹಾಗಿಲ್ಲ. ಹುಡುಗಿಗೆ ತಡೆಯಲು ಆಗುತ್ತಿರಲಿಲ್ಲ, ಗಂಟೆಗೊಂದು ಸಲ ಬಟ್ಟಲು ಇಣುಕುತ್ತಿದ್ದಳು. ವಿಜಯದಶಮಿ ಬೆಳಿಗ್ಗೆ ನೋಡಿದರೆ ಒಂದು ಪಟ್ಟಿಯ ಗೀರಿನಲ್ಲಿ ಕೆಂಪು ತುಕ್ಕು. ಇನ್ನೊಂದು ಹೊಳೆಯುತ್ತಿತ್ತು. ಊರೆಲ್ಲ ಜಂಬೂಸವಾರಿಗೆ ಹೋಗಿತ್ತು. ನಾವಿಬ್ಬರೂ ಮೇಜಿಗೆ ಅಂಟಿಕೊಂಡೆವು.

ಈ ಸಲ ತಳಕ್ಕೆ ತೂತು ಹಾಕುವ ಗೋಜಿಗೆ ಹೋಗಲಿಲ್ಲ. ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಜಾರ್ ತೆಗೆದುಕೊಂಡೆ. ಪಟ್ಟಿ 8 ಮಿಲಿಮೀಟರ್ ಅಗಲ. ಅದನ್ನು ಮೀನಿನ ಗಾಳದ ಹಾಗೆ ಬಗ್ಗಿಸಿದೆ. ಉದ್ದನೆಯ ಕಾಲು ಜಾರಿನ ಗೋಡೆಗುಂಟ ಕೆಳಗಿಳಿದು, ತಳದಲ್ಲಿ ತಿರುಗಿ, ಗಿಡ್ಡ ಕಾಲು ಸಿರಿಂಜಿನ ಬಾಯೊಳಗೆ ಮೇಲಕ್ಕೆ ಹೋಗುತ್ತೆ. ಒಳಗೆ ಹೋಗುವ 4 ಸೆಂಟಿಮೀಟರ್ ಮಾತ್ರ ಬರಿ ಲೋಹ. ಉಳಿದದ್ದಕ್ಕೆಲ್ಲ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ, ಹಾಕಿ ಬಿಸಿ ಮಾಡಿದೆ. ಮೊದಲ ಸಲ ಬಗ್ಗಿದ ಜಾಗದಲ್ಲಿ ಸ್ಲೀವ್ ಸೀಳಿ ಅಲ್ಲಿಂದಲೂ ಗುಳ್ಳೆ ಎದ್ದು ಸಿರಿಂಜಿನ ಹೊರಗೆ ಹೋದವು. ಬಗ್ಗಿಸಿದ ಮೇಲೆ ಸ್ಲೀವ್ ಹಾಕಿ, ಬಗ್ಗಿಸುವ ಮೊದಲು ಅಲ್ಲ. ಸಿರಿಂಜಿನ ರೆಕ್ಕೆಗಳನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಟಿಫಿನ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಎರಡು ತೂತು ಮಾಡಿ ಅದರಲ್ಲಿ ಬಿಗಿಯಾಗಿ ನಿಲ್ಲಿಸಿದೆ. ಮುಚ್ಚಳದಲ್ಲಿ ಗಾಳಿ ಆಡಲು ಇನ್ನೊಂದು ತೂತು ಇರಲಿ.

ಮೇಲಿನ ಮೂತಿಗೆ ನಲ್ಲಿ ಬೇಕು. ಮೊದಲು ಡ್ರಿಪ್ ಸೆಟ್ಟಿನ ಕೊಳವೆಯನ್ನು ಬಿಸಿನೀರಿನಲ್ಲಿ ಮೆದು ಮಾಡಿ ಮೂತಿಗೆ ಏರಿಸಿ, ಅದರ ಉರುಳೆ ಕ್ಲಿಪ್ಪನ್ನೇ ನಲ್ಲಿಯಾಗಿ ಬಳಸಿದೆ. ಅರ್ಧ ಗಂಟೆಯಲ್ಲಿ ಒಳಗಿನ ನೀರು ಒಂದು ಗೆರೆ ಇಳಿಯಿತು, ಅಂದರೆ ಗಾಳಿ ಸೋರುತ್ತಿದೆ. ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಹಾಕುವ ತ್ರೀ-ವೇ ನಲ್ಲಿ ಸಿರಿಂಜಿಗೆ ಸರಿಯಾಗಿ ಕೂರುತ್ತೆ. ತಿರುಗಿಸಿ ಬಿಗಿ ಮಾಡಿದರೆ ಆಯಿತು. ಎರಡು ತಂದು ಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದರೂ ಗೆರೆ ಅಲ್ಲಾಡಲಿಲ್ಲ.

ದ್ರಾವಣ ನಾನೇ ಮಾಡಿದೆ, ಅವಳನ್ನು ಎರಡು ಮಾರು ದೂರ ನಿಲ್ಲಿಸಿದೆ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ, ಅದೇ ಇಲ್ಲಿ ಕ್ಷಾರ. ನೀರಿಗೆ ಸೋಡಾ ಹಾಕಬೇಕು, ಸ್ವಲ್ಪಸ್ವಲ್ಪವೇ. ಸೋಡಾ ಮೇಲೆ ನೀರು ಸುರಿದರೆ ಕುದ್ದು ಎರಚುತ್ತೆ. ಕನ್ನಡಕ, ಗ್ಲೌಸ್ ಇಲ್ಲದೆ ಡಬ್ಬಿ ತೆರೆಯಲೇ ಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ತರಬೇಡಿ, ಕಾಸ್ಟಿಕ್ ಅದನ್ನು ತಿಂದು ಅಲ್ಲೇ ಹೈಡ್ರೋಜನ್ ಬಿಡುತ್ತೆ. ಸಿರಿಂಜಿಗೆ ದ್ರಾವಣ ಏರಿಸಲು ಬಾಯಿ ಹಚ್ಚಿ ಎಳೆಯುವುದಂತೂ ಬೇಡವೇ ಬೇಡ. ತ್ರೀ-ವೇ ಮೇಲೆ ಇನ್ನೊಂದು ಖಾಲಿ ಸಿರಿಂಜ್ ಸಿಕ್ಕಿಸಿ ದಂಡ ಎಳೆದರೆ ನೀರು ತಾನೇ ಏರುತ್ತೆ, ಆಗ ನಲ್ಲಿ ತಿರುಗಿಸಿ ಮುಚ್ಚಿ.

ಬೆಂಚ್ ಪವರ್ ಸಪ್ಲೈಯಲ್ಲಿ ಕರೆಂಟನ್ನು 0.4 ಆಂಪ್‌ಗೆ ನಿಲ್ಲಿಸಿದೆ. ವೋಲ್ಟೇಜ್ 4ರ ಹತ್ತಿರ ತೋರಿಸಿತು. ನೀರು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಉಳಿದದ್ದು ಗುಳ್ಳೆ ಬಿಡಿಸುವ ತ್ರಾಸಕ್ಕೆ ಮತ್ತು ದ್ರಾವಣ ದಾಟುವ ದಾರಿಗೆ. ಮೈನಸ್ ಪಟ್ಟಿಯಿಂದ ಹಾಲಿನ ನೊರೆಯಂತೆ ಸಣ್ಣ ಸಣ್ಣ ಗುಳ್ಳೆ, ಇಡೀ ಸಿರಿಂಜ್ ಬೆಳ್ಳಗೆ. ಪ್ಲಸ್ ಕಡೆ ಗುಳ್ಳೆ ಸ್ವಲ್ಪ ದಪ್ಪ, ನಿಧಾನ. ಆ ಪಟ್ಟಿ ಕೆಲವೇ ನಿಮಿಷದಲ್ಲಿ ಕಪ್ಪಾಯಿತು. ಹೆದರಬೇಡಿ, ಅದು ನಿಕಲ್ ಮೇಲೆ ಕೂರುವ ಆಕ್ಸೈಡ್ ಪದರ. ಕೆಳಗೆ ಉದುರುವುದಿಲ್ಲ.

ಹದಿನೈದು ನಿಮಿಷ ಸುಮ್ನೆ ಓಡಿಸಿದೆವು, ಅಳತೆ ಮಾಡಲಿಲ್ಲ. ದ್ರಾವಣ ಎಷ್ಟು ಆಕ್ಸಿಜನ್ ಕುಡಿಯಬೇಕೋ ಕುಡಿದು ಮುಗಿಸಲಿ ಅಂತ. ಆಮೇಲೆ ಎರಡೂ ಸಿರಿಂಜ್ ಮತ್ತೆ ಪೂರ್ತಿ ತುಂಬಿ, ಮೊಬೈಲಿನಲ್ಲಿ ಐದು ನಿಮಿಷ ಇಟ್ಟೆವು.

ಹೈಡ್ರೋಜನ್ 17.5. ಆಕ್ಸಿಜನ್ 8.5.

ಅವಳು ಮಾತಾಡಲಿಲ್ಲ. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಮತ್ತೊಮ್ಮೆ ಓದಿದಳು. ಇನ್ನೂ ಎರಡು ಸಲ ಮಾಡಿಸಿದಳು. ಪ್ರತಿ ಸಲ ಕಾಲು ಎಂಎಲ್ ಆಚೀಚೆ, ಅಷ್ಟೇ. ಸಿರಿಂಜಿನ ಗೆರೆಯಿಂದ ಅದಕ್ಕಿಂತ ನಿಖರವಾಗಿ ಓದಲು ಆಗುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ರಾತ್ರಿ ಊಟ ಆದ ಮೇಲೆ ಫ್ಯಾರಡೆ ಲೆಕ್ಕ, ಅಂದರೆ ಹರಿದ ಕರೆಂಟಿಗೆ ಎಷ್ಟು ಅನಿಲ ಬರಬೇಕು ಅನ್ನುವುದನ್ನು, ಹಾಕಿ ತೋರಿಸೋಣ ಅಂತ ಕೂತರೆ ಹೊಸ ತಕರಾರು. 0.4 ಆಂಪ್, 300 ಸೆಕೆಂಡ್, ಒಟ್ಟು 120 ಕೂಲಂಬ್. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಹೈಡ್ರೋಜನ್‌ಗೆ 96,485ರ ಎರಡರಷ್ಟು ಕೂಲಂಬ್ ಬೇಕು. ಅಂದರೆ ನಮಗೆ ಸಿಗಬೇಕಾದದ್ದು 0.000622 ಮೋಲ್. ಕೋಣೆಯಲ್ಲಿ 27 ಡಿಗ್ರಿ ಇತ್ತು, ಆ ಬಿಸಿಗೆ ಒಂದು ಮೋಲ್ ಅನಿಲ 24.6 ಲೀಟರ್. ಗುಣಿಸಿದರೆ 15.3 ಎಂಎಲ್.

ನಮಗೆ ಬಂದದ್ದು 17.5. ಇಷ್ಟು ದಿನ ಕಮ್ಮಿ ಬಂತು ಅಂತ ಹುಡುಕಿದೆವು, ಈಗ ಜಾಸ್ತಿ!

ನಾನು ಮೀಟರನ್ನು ಅನುಮಾನಿಸಿ ಇನ್ನೊಂದು ಮೀಟರ್ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಹಿಡಿದದ್ದು ಅವಳು. "ಮಾವ, 24.6 ಅಂದ್ರಲ್ಲ, ಅದು ಯಾವ ಒತ್ತಡಕ್ಕೆ?" ಸಮುದ್ರ ಮಟ್ಟದ್ದು! ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಸಮುದ್ರದ ಹತ್ತಿರ ಗಾಳಿಯ ಒತ್ತಡ 1013 ಹೆಕ್ಟೋಪ್ಯಾಸ್ಕಲ್ ಇದ್ದರೆ ಇಲ್ಲಿ ಸುಮಾರು 925. ಒತ್ತಡ ಕಮ್ಮಿಯಾದರೆ ಅಷ್ಟೇ ಅನಿಲ ಹೆಚ್ಚು ಜಾಗ ಹಿಡಿಯುತ್ತೆ. ಹೊಸ ಲೆಕ್ಕ 16.8ಕ್ಕೆ ಬಂತು. ಇನ್ನು ಸಿರಿಂಜಿನೊಳಗೆ ಹೈಡ್ರೋಜನ್ ಒಂದೇ ಇಲ್ಲ, ನೀರಿನ ಆವಿಯೂ ಇದೆ. 27 ಡಿಗ್ರಿಗೆ ಅದರ ಪಾಲು 36 ಹೆಕ್ಟೋಪ್ಯಾಸ್ಕಲ್. ಅದನ್ನೂ ಕಳೆದು ಲೆಕ್ಕ ಹಾಕಿದರೆ 17.4.

ನೋಟ್‌ಬುಕ್ಕಿನಲ್ಲಿ 17.4 ಮತ್ತು 17.5 ಅಕ್ಕಪಕ್ಕ ಬರೆದು ಸುತ್ತ ಚೌಕ ಹಾಕಿದಳು. ಒಂದು ಉಪ್ಪಿನಕಾಯಿ ಜಾರ್ ನಮ್ಮ ಊರಿನ ಎತ್ತರವನ್ನು ಹೇಳಿತು. ಅವತ್ತು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅನಿಲ ಪರೀಕ್ಷೆ ಮಾಡುವಾಗ ಒಂದು ಎಚ್ಚರಿಕೆ. ನಮ್ಮ ಜೋಡಣೆಯಲ್ಲಿ ಸಿರಿಂಜಿನೊಳಗಿನ ನೀರು ಹೊರಗಿನ ನೀರಿಗಿಂತ ಮೇಲಿರುತ್ತೆ. ಹಾಗಾಗಿ ನಲ್ಲಿ ತೆರೆದರೆ ಹೈಡ್ರೋಜನ್ ಹೊರಗೆ ಬರುವುದಿಲ್ಲ, ಗಾಳಿಯೇ ಒಳಗೆ ನುಗ್ಗುತ್ತೆ. ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಎಷ್ಟೇ ಬೆರೆತಿದ್ದರೂ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತೆ. ನಲ್ಲಿಯ ಬಾಯಿಗೆ ಕಡ್ಡಿ ಗೀರಿದರೆ ಸಿರಿಂಜೇ ಸಿಡಿಯಬಹುದು. ಇದನ್ನು ಕಂಡಾಗಲೇ ನನಗೆ ಜರ್ಮನ್ ರಸಾಯನ ವಿಜ್ಞಾನಿ ಹಾಫ್‌ಮನ್ 1866ರಲ್ಲಿ ಮಾಡಿದ, ನೀರು ಒಡೆಯುವ ಉಪಕರಣದ ಮೂರನೇ ಕೊಳವೆ ಯಾಕಿದೆ ಅಂತ ಅರ್ಥವಾದದ್ದು. ಅದು ಮಧ್ಯದಲ್ಲಿ ಎತ್ತರಕ್ಕೆ ನಿಂತು ನೀರಿನ ಭಾರವನ್ನು ಅನಿಲದ ಮೇಲೆ ಹಾಕುತ್ತೆ, ನಲ್ಲಿ ತೆರೆದರೆ ಅನಿಲ ತಾನಾಗಿ ಹೊರಗೆ ಬರುತ್ತೆ.

ನಾವು ಖಾಲಿ ಸಿರಿಂಜಿನಿಂದ 10 ಎಂಎಲ್ ಹೈಡ್ರೋಜನ್ ಎಳೆದುಕೊಂಡು, ಬೇರೆ ಮೇಜಿಗೆ ಹೋಗಿ, ಒಂದು ಚಮಚ ಸೋಪಿನ ನೀರಿಗೆ ನಿಧಾನವಾಗಿ ಒತ್ತಿ ನಾಲ್ಕೈದು ಗುಳ್ಳೆ ಎಬ್ಬಿಸಿದೆವು. ಸಿರಿಂಜನ್ನು ದೂರ ಇಟ್ಟು, ಕಿಟಕಿ ತೆರೆದು, ಉದ್ದನೆಯ ಕಡ್ಡಿಯಲ್ಲಿ ಬೆಂಕಿ ತಾಗಿಸಿದರೆ "ಪುಪ್" ಅಂತ ಮೆತ್ತನೆಯ ಸದ್ದು. ಆಕ್ಸಿಜನ್‌ಗೆ ಊದುಬತ್ತಿ. ಆರುತ್ತಾ ಕೆಂಪಗಿದ್ದ ತುದಿಗೆ ಸಿರಿಂಜಿನಿಂದ ಮೆಲ್ಲಗೆ ಊದಿದರೆ ಬೆಳ್ಳಗೆ ಉರಿದು ಸಣ್ಣ ಜ್ವಾಲೆ ಎದ್ದಿತು. ಎರಡೂ ಅನಿಲ ಒಂದೇ ಸಿರಿಂಜಿನಲ್ಲಿ ಯಾವತ್ತೂ ಬೆರೆಸಬೇಡಿ.

ಪಕ್ಕದ ಮನೆಯವರು ಬಂದು ನೋಡಿ ಇದರಲ್ಲಿ ಸ್ಕೂಟರ್ ಓಡಿಸಬಹುದಾ ಅಂದರು. ಅವರಿಗೂ ನಮ್ಮ ಲೆಕ್ಕವನ್ನೇ ತೋರಿಸಿದೆ. 4 ವೋಲ್ಟ್, 0.4 ಆಂಪ್, 300 ಸೆಕೆಂಡ್, ಒಟ್ಟು 480 ಜೂಲ್ ಹಾಕಿದ್ದೇವೆ. ಬಂದ ಹೈಡ್ರೋಜನ್ ಸುಟ್ಟರೆ ಸಿಗುವುದು ಸುಮಾರು 150. ಒಳ್ಳೆಯ ಯಂತ್ರದಲ್ಲಿ ಈ ನಷ್ಟ ಕಮ್ಮಿ ಮಾಡಬಹುದು, ಆದರೆ ಹಾಕಿದ್ದಕ್ಕಿಂತ ಜಾಸ್ತಿ ಯಾವತ್ತೂ ಬರುವುದಿಲ್ಲ. ಸ್ಕೂಟರಿನ ಬ್ಯಾಟರಿಯಿಂದಲೇ ನೀರು ಒಡೆದು ಪೆಟ್ರೋಲ್ ಉಳಿಸುವ ಪೆಟ್ಟಿಗೆ ಅಂತ ಯಾರಾದರೂ ಮಾರಲು ಬಂದರೆ ಈ ಎರಡು ಅಂಕಿ ನೆನಪಿರಲಿ.

ರಜೆ ಮುಗಿಯುವ ಹಿಂದಿನ ದಿನ ಒಂದು ಇನ್ವರ್ಟರ್ ಸರ್ವೀಸಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋದೆ. ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತೋರಿಸಿದೆ. ಚಾರ್ಜ್ ತುಂಬುವ ಹೊತ್ತಿಗೆ ಒಳಗೆ ಸಣ್ಣಗೆ ಗುಳ್ಳೆ. ನೀರಿನ ಮಟ್ಟ ಗೆರೆಗಿಂತ ಕೆಳಗಿತ್ತು.

"ಇಲ್ಲೂ ನೀರು ಒಡೀತಿದೆ ಅಲ್ವಾ ಮಾವ? ಅದಕ್ಕೇ ನೀವು ನೀರು ಹಾಕೋದು."

"ಹೌದು ಪುಟ್ಟಿ. ಅದಕ್ಕೇ ಈ ಕೋಣೆಗೆ ಕಿಟಕಿ ಇರಬೇಕು ಅಂತ ಎಲ್ಲರಿಗೂ ಹೇಳೋದು."

ಜಾರಿನ ದ್ರಾವಣವನ್ನು ಬಕೆಟ್ ನೀರಿಗೆ ಬೆರೆಸಿ ಚರಂಡಿಗೆ ಬಿಟ್ಟು, ಎಲ್ಲವನ್ನೂ ಮೂರು ಸಲ ತೊಳೆದೆ. ಜಾರಿನ ಮೇಲೆ "ಊಟಕ್ಕೆ ಬಳಸಬಾರದು" ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನಿಕಲ್ ಪಟ್ಟಿ, ಸಿರಿಂಜ್, ತ್ರೀ-ವೇ ಎಲ್ಲ ಒಂದು ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಕಾಸ್ಟಿಕ್ ಸೋಡಾ ಕೊಡಲಿಲ್ಲ. ಶಾಲೆಯ ಮೇಷ್ಟ್ರ ಎದುರಿಗೇ ಮಾಡಬೇಕು ಅಂತ ಮಾತು ತೆಗೆದುಕೊಂಡಿದ್ದೇನೆ. ಅರಸೀಕೆರೆ ಎಷ್ಟು ಎತ್ತರದಲ್ಲಿದೆ ಅಂತ ಮಾತ್ರ ಯಾರೂ ಅವಳಿಗೆ ಹೇಳಬೇಡಿ. ಮೊದಲು ಸಿರಿಂಜಿನಲ್ಲಿ ಅಳೆದು, ಆಮೇಲೆ ನಕ್ಷೆ ನೋಡುತ್ತಾಳಂತೆ.